ಕೆಂಪು ದೀಪಕ್ಕೆ ಸೈಕಲ್ ನಿಲ್ಲಬೇಕೇ? ಬೆಂಗಳೂರಿನ ಜಂಕ್ಷನ್‌ಗಳ ಲೆಕ್ಕದಲ್ಲಿ ಹೇಳಿ

ಬೆಳಗಿನಸವಾರ ಕೇಳಿದ್ದು:

ಜಯನಗರ, ಬಸವನಗುಡಿ ಕಡೆಯಿಂದ ಹೊಸದಾಗಿ ಸೈಕಲ್‌ನಲ್ಲಿ ಆಫೀಸಿಗೆ ಹೊರಡುವವರಿಗಾಗಿ ಒಂದು ಪುಟದ ಸೂಚನೆ ಬರೆಯುತ್ತಿದ್ದೇವೆ. ಹೆಲ್ಮೆಟ್, ದೀಪ, ಪಂಕ್ಚರ್ ಕಿಟ್ ಎಲ್ಲದಕ್ಕೂ ಒಮ್ಮತ ಇದೆ. "ಕೆಂಪು ಬಿದ್ದರೆ ನಿಲ್ಲಿ" ಅನ್ನುವ ಒಂದೇ ಸಾಲಿಗೆ ತಕರಾರು ಎದ್ದಿದೆ.

ನಿಲ್ಲಬೇಕಿಲ್ಲ ಅನ್ನುವವರ ಮಾತು ಹೀಗಿದೆ. ಮೋಟಾರು ವಾಹನ ಕಾಯ್ದೆ ಸೈಕಲ್‌ಗೆ ಅನ್ವಯಿಸುವುದಿಲ್ಲ, ಕ್ಯಾಮೆರಾ ಓದೋಣ ಅಂದರೆ ನಂಬರ್ ಪ್ಲೇಟೂ ಇಲ್ಲ. ಹಸಿರು ಬೀಳುವ ನಾಲ್ಕೈದು ಸೆಕೆಂಡ್ ಮೊದಲೇ ಹೊರಟರೆ ಹಿಂದಿನಿಂದ ನುಗ್ಗುವ ಬಸ್ಸು, ಬೈಕುಗಳ ಕೈಗೆ ಸಿಗದೆ ದಾಟಬಹುದು. ನಿಂತು ಹೊರಡುವುದರಲ್ಲಿ ದಮ್ಮು ಹೋಗುತ್ತದೆ. ಬೆಳಗಿನ ಜಾವ ಖಾಲಿ ಸರ್ಕಲ್‌ನಲ್ಲಿ ನಿಂತು ಯಾರಿಗೇನು ಪ್ರಯೋಜನ? ಹೊರದೇಶಗಳಲ್ಲಿ ಇದನ್ನು ಕಾನೂನೇ ಒಪ್ಪಿಕೊಂಡಿದೆ.

ಶಿಸ್ತು, ಸಂಸ್ಕೃತಿ ಅನ್ನುವ ಉತ್ತರ ಬೇಡ. ಮೀಟರ್, ಸೆಕೆಂಡ್, ಕಲಂ ಲೆಕ್ಕದಲ್ಲಿ ಹೇಳಿ. ಎಡಕ್ಕೆ ತಿರುಗುವಾಗ, ಟಿ ಜಂಕ್ಷನ್‌ನ ನೇರ ಬದಿಯಲ್ಲಿ ಹೋಗುವಾಗಲೂ ನಿಲ್ಲಬೇಕೇ ಅನ್ನುವುದೂ ತೀರ್ಮಾನವಾಗಬೇಕು.

ಕಲಂ281:

ಕಾನೂನಿನ ಮಾತು ಅರ್ಧ ನಿಜ. 1988ರ ಮೋಟಾರು ವಾಹನ ಕಾಯ್ದೆಯ 119ನೇ ಕಲಂ ಸಂಚಾರ ಚಿಹ್ನೆಗಳನ್ನು ಪಾಲಿಸಬೇಕು ಎಂದು ಹೇಳುವುದು ಮೋಟಾರು ವಾಹನದ ಚಾಲಕನಿಗೆ. ಕೆಂಪು ದೀಪ ಹಾರುವುದನ್ನು 2019ರ ತಿದ್ದುಪಡಿ ಅಪಾಯಕಾರಿ ಚಾಲನೆಯ 184ನೇ ಕಲಮಿಗೆ ಸೇರಿಸಿತು, ಅದೂ ಮೋಟಾರು ವಾಹನಕ್ಕೇ. ಕಾಲಿನಿಂದ ತುಳಿಯುವ ಸೈಕಲ್ ಆ ವ್ಯಾಖ್ಯೆಯೊಳಗೆ ಬರುವುದಿಲ್ಲ.

ಉಳಿದರ್ಧವನ್ನು ಯಾರೂ ಹೇಳುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಂ, ಅಂದರೆ ಹಳೆಯ ದಂಡ ಸಂಹಿತೆಯ 279, ಸಾರ್ವಜನಿಕ ದಾರಿಯಲ್ಲಿ ದುಡುಕಿನಿಂದಲೋ ಅಜಾಗರೂಕತೆಯಿಂದಲೋ "ಯಾವುದೇ ವಾಹನ" ಓಡಿಸುವವರಿಗೆ ಅನ್ವಯಿಸುತ್ತದೆ. ಅಲ್ಲಿ ಮೋಟಾರು ಅನ್ನುವ ಪದವೇ ಇಲ್ಲ. ಆರು ತಿಂಗಳವರೆಗೆ ಸಜೆ, 1000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಪಾದಚಾರಿಗೆ ಪೆಟ್ಟಾದರೆ 125ನೇ ಕಲಂ ಸೇರಿಕೊಳ್ಳುತ್ತದೆ; ತೀವ್ರ ಗಾಯವಾಗಿದ್ದರೆ ಮೂರು ವರ್ಷದವರೆಗೆ. ಜೀವ ಹೋದರೆ 106, ಐದು ವರ್ಷದವರೆಗೆ. ವಯಸ್ಸಾದವರಿಗೆ ಸೈಕಲ್ ತಗುಲಿ ಬಿದ್ದು ಸೊಂಟದ ಮೂಳೆ ಮುರಿಯುವುದಕ್ಕೆ ದೊಡ್ಡ ವೇಗವೇನೂ ಬೇಕಿಲ್ಲ.

ಇನ್ನೊಂದು ಪರಿಹಾರದ ಹಣ. ಕಾರು ಗುದ್ದಿ ಸವಾರ ಗಾಯಗೊಂಡು ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನಡಿ ಅರ್ಜಿ ಹಾಕಿದರೆ, ಎದುರಿನ ವಿಮಾ ಕಂಪನಿ ಮೊದಲು ಎತ್ತುವ ಪ್ರಶ್ನೆಯೇ ಸವಾರನ ಸಹ-ನಿರ್ಲಕ್ಷ್ಯದ್ದು. ಅವನ ಪಾಲು ಶೇ 40 ಎಂದು ನ್ಯಾಯಮಂಡಳಿ ತೀರ್ಮಾನಿಸಿದರೆ 10 ಲಕ್ಷ ಬರುವ ಕಡೆ 6 ಲಕ್ಷ ಬರುತ್ತದೆ. ಪ್ಲೇಟ್ ಇಲ್ಲದ್ದರಿಂದ ಜಂಕ್ಷನ್‌ನ ಕ್ಯಾಮೆರಾ ಸೈಕಲ್‌ಗೆ ಚಲನ್ ಕಳಿಸಲಾರದು, ಒಪ್ಪಿದೆ. ಆದರೆ ಅದೇ ಕ್ಯಾಮೆರಾದ ದೃಶ್ಯ ಪರಿಹಾರದ ಪ್ರಕರಣದಲ್ಲಿ ಸಾಕ್ಷ್ಯವಾಗಿ ಬರುತ್ತದೆ. ದೀಪ ಯಾವ ಬಣ್ಣದಲ್ಲಿತ್ತು ಅನ್ನುವುದು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಬ್ಯಾಟರಿ ಸೈಕಲ್‌ನವರು ಇದನ್ನು ಎರಡು ಸಲ ಓದಿ. ಮೋಟಾರು ಮೂವತ್ತು ನಿಮಿಷ ಸತತವಾಗಿ ಕೊಡಬಲ್ಲ ಸಾಮರ್ಥ್ಯ 250 ವ್ಯಾಟ್‌ಗಿಂತ ಕಡಿಮೆ, ಗರಿಷ್ಠ ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ಇದ್ದರೆ ಮಾತ್ರ ಅದು ಮೋಟಾರು ವಾಹನವಲ್ಲ. ಕಂಟ್ರೋಲರ್‌ನ ವೇಗಮಿತಿ ತೆಗೆಸಿ 35-40ರಲ್ಲಿ ಓಡುವಂತೆ ಮಾಡಿಸಿಕೊಂಡಿದ್ದರೆ ನೀವು ಸೈಕಲ್ ಸವಾರರಲ್ಲ. ನೋಂದಣಿ, ಲೈಸೆನ್ಸ್, ವಿಮೆ, 184 ಎಲ್ಲವೂ ನಿಮಗೆ ಅನ್ವಯ.

ಹಳದಿ_ಮೂರು_ಸೆಕೆಂಡ್:

"ಹಸಿರಿಗೆ ಮೊದಲೇ ಹೊರಟರೆ ಸುರಕ್ಷಿತ" ಅನ್ನುವುದನ್ನು ಬಿಡಿಸಿ ನೋಡಬೇಕು. ಇಡೀ ಸಿಗ್ನಲ್ ಸುತ್ತಿನಲ್ಲಿ ಅದಕ್ಕಿಂತ ಕೆಟ್ಟ ಗಳಿಗೆ ಇನ್ನೊಂದಿಲ್ಲ.

ನಿಮ್ಮ ಹಸಿರಿಗೆ ಹಿಂದಿನ ಐದು ಸೆಕೆಂಡ್‌ನಲ್ಲಿ ಅಡ್ಡರಸ್ತೆಗೆ ಏನಿರುತ್ತದೆ? ಮೂರು ಸೆಕೆಂಡ್ ಹಳದಿ, ಆಮೇಲೆ ಎರಡು ಸೆಕೆಂಡ್ ಎಲ್ಲ ಕಡೆಗೂ ಕೆಂಪು ಎಂದಿಟ್ಟುಕೊಳ್ಳಿ. ಹಳದಿ ಕಂಡು ಬ್ರೇಕ್ ಒತ್ತುವವರಿಗಿಂತ ಆಕ್ಸಿಲರೇಟರ್ ಒತ್ತುವವರೇ ಹೆಚ್ಚು. ಗಂಟೆಗೆ 50 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಹಳದಿಯ ಕೊನೆಯ ಕ್ಷಣದಲ್ಲಿ ಸ್ಟಾಪ್ ಲೈನ್ ದಾಟಿದ ಕಾರಿಗೆ 45 ಮೀಟರ್ ಅಗಲದ ಜಂಕ್ಷನ್ ಮುಗಿಸಲು 3.2 ಸೆಕೆಂಡ್ ಬೇಕು. ಎರಡು ಸೆಕೆಂಡಿನ ಕೆಂಪು ಮುಗಿದಾಗಲೂ ಅದು ಇನ್ನೂ ಒಳಗೇ ಇರುತ್ತದೆ. ಆದ್ದರಿಂದ ಹಸಿರು ಬಿದ್ದ ಮೇಲೂ ಬಲಕ್ಕೆ, ಎಡಕ್ಕೆ, ಮತ್ತೆ ಬಲಕ್ಕೆ ನೋಡಿ ಒಂದು ಸೆಕೆಂಡ್ ತಡೆದೇ ಪೆಡಲ್ ಒತ್ತಬೇಕು. ಮೊದಲೇ ಹೊರಡುವವನು ಸೀದಾ ಅದರ ಎದುರಿಗೇ ಹೋಗುತ್ತಾನೆ.

ಸೂಚನಾಪತ್ರದಲ್ಲಿ ಇದರ ಜೊತೆಗೇ ಬರಬೇಕಾದದ್ದು ಹಸಿರಿನ ಕೊನೆ. ನಿಯಮ ಪಾಲಿಸುವ ಸವಾರನೂ ಸಿಕ್ಕಿಬೀಳುವುದು ಇಲ್ಲೇ. ಸಾಮಾನ್ಯ ಸವಾರನ ವೇಗ ಗಂಟೆಗೆ 15 ಕಿ.ಮೀ., ಸೆಕೆಂಡಿಗೆ 4.2 ಮೀಟರ್. ಅದೇ 45 ಮೀಟರ್ ದಾಟಲು ಅವನಿಗೆ ಹತ್ತಿರ ಹತ್ತಿರ 11 ಸೆಕೆಂಡ್ ಬೇಕು. ಹಳದಿ ಮತ್ತು ಎಲ್ಲ-ಕೆಂಪು ಸೇರಿ ಸಿಗುವುದು ಐದೇ ಸೆಕೆಂಡ್, ಅಂದರೆ 21 ಮೀಟರ್. ಹಸಿರಿನ ಕೊನೆಯ ಸೆಕೆಂಡಿನಲ್ಲಿ ಒಳಗೆ ಹೋದವನು ಅಡ್ಡರಸ್ತೆಗೆ ಹಸಿರು ಬಿದ್ದಾಗ ಸರಿಯಾಗಿ ನಡುಮಧ್ಯೆ ಇರುತ್ತಾನೆ. ಅಲ್ಲಿನ ದ್ವಿಚಕ್ರದವರು ಟೈಮರ್‌ನಲ್ಲಿ 3 ಕಂಡಾಗಲೇ ಕ್ಲಚ್ ಬಿಟ್ಟಿರುತ್ತಾರೆ. ಈ ಕಾಲಮಾನ ಕಾರು, ಬೈಕಿನ ವೇಗಕ್ಕೆ ಹೊಂದಿಸಿದ್ದು, ಸೈಕಲ್‌ಗೆ ಅದು ಸಾಲುವುದಿಲ್ಲ.

ಹಾಗಾಗಿ ಟೈಮರ್ ಇರುವ ದೊಡ್ಡ ಸರ್ಕಲ್‌ನಲ್ಲಿ ಹಸಿರು 6 ಸೆಕೆಂಡ್‌ಗಿಂತ ಕಡಿಮೆ ಉಳಿದಿದ್ದರೆ ಅದನ್ನು ಕೆಂಪು ಎಂದೇ ತಿಳಿದು ನಿಲ್ಲಿ. ಮೇಲೇರುವ ರಸ್ತೆಯಲ್ಲಿ ವೇಗ 12ಕ್ಕೆ ಇಳಿದಿದ್ದರೆ ಆ ಸಂಖ್ಯೆ 9. ಟೈಮರ್ ಇಲ್ಲದ ಕಡೆ, ದೂರದಿಂದ ನೋಡಿದಾಗಲೇ ಹಸಿರಾಗಿದ್ದ ದೀಪವನ್ನು ನಂಬಬೇಡಿ. ಅದು ಎಷ್ಟು ಹೊತ್ತಿನಿಂದ ಹಸಿರಾಗಿದೆಯೋ ನಿಮಗೆ ಗೊತ್ತಿರುವುದಿಲ್ಲ.

ಖಾಲಿ ಸರ್ಕಲ್‌ನ ವಾದಕ್ಕೂ ಲೆಕ್ಕ ಇದೆ. ನಿಂತಲ್ಲಿಂದ ಹೊರಟು 45 ಮೀಟರ್ ದಾಟಲು 13 ಸೆಕೆಂಡ್ ದಾಟುತ್ತದೆ, ಏಕೆಂದರೆ ಮೊದಲ ಐದು ಸೆಕೆಂಡ್ ವೇಗ ಹಿಡಿಯುವುದಕ್ಕೇ ಹೋಗುತ್ತದೆ. ಬೆಳಗಿನ ಜಾವದ ಖಾಲಿ ರಸ್ತೆಯಲ್ಲಿ ಗಂಟೆಗೆ 60ರಲ್ಲಿ ಬರುವ ಟೆಂಪೊ ಅಷ್ಟರಲ್ಲಿ 220 ಮೀಟರ್ ಓಡಿರುತ್ತದೆ. ಅಂದರೆ ಎರಡೂ ಕಡೆ 220 ಮೀಟರ್ ಕಣ್ಣಿಗೆ ಬಿದ್ದರೆ ಮಾತ್ರ "ಖಾಲಿ" ಅನ್ನಬಹುದು. ಮೆಟ್ರೊ ಕಂಬ, ಮರ, ನಿಲ್ಲಿಸಿದ ಬಸ್ಸು, ತಿರುವು ಇರುವ ನಮ್ಮ ರಸ್ತೆಗಳಲ್ಲಿ ಅಷ್ಟು ದೂರ ಕಾಣುವ ಜಂಕ್ಷನ್ ಎಷ್ಟಿವೆ? 20 ಮೀಟರ್‌ನ ಸಣ್ಣ ಜಂಕ್ಷನ್‌ಗೂ 120 ಮೀಟರ್ ಬೇಕು.

ಚೈನ್‌ಕವರ್:

ಸಂಖ್ಯೆಗಳು ಸರಿ. ಆದರೆ "ನಿಲ್ಲಿ" ಅಂದು ಬಿಟ್ಟರೆ ಹೊಸಬರು ತಪ್ಪು ಜಾಗದಲ್ಲಿ ನಿಲ್ಲುತ್ತಾರೆ, ಆಗ ನಿಂತದ್ದೇ ಮುಳುವಾಗುತ್ತದೆ. ಎಲ್ಲಿ, ಹೇಗೆ ಅನ್ನುವುದನ್ನೂ ಬರೆಯಿರಿ.

ಅತಿ ಕೆಟ್ಟ ಜಾಗ ಬಸ್ಸಿನ ಅಥವಾ ಲಾರಿಯ ಎಡಮಗ್ಗುಲು. ನಮ್ಮಲ್ಲಿ ಚಾಲಕ ಬಲಗಡೆ ಕೂರುತ್ತಾನೆ, ಎಡಬಾಗಿಲಿನ ಕೆಳಗಿನ ಜಾಗ ಅವನಿಗೆ ಕಾಣುವುದಿಲ್ಲ. 12 ಮೀಟರ್ ಉದ್ದದ ಬಸ್ಸು ಎಡಕ್ಕೆ ತಿರುಗಿದಾಗ ಹಿಂಚಕ್ರ ಮುಂಚಕ್ರದ ಜಾಡಿನಲ್ಲೇ ಬರುವುದಿಲ್ಲ, ಒಂದೂವರೆ ಮೀಟರ್‌ನಷ್ಟು ಒಳಕ್ಕೆ ಕತ್ತರಿಸಿಕೊಂಡು ಬರುತ್ತದೆ. ನೀವು ನಿಂತಾಗ ಬಸ್ಸಿಗೂ ಕಟ್ಟೆಗೂ ನಡುವೆ ಇದ್ದ ಮೀಟರ್ ಜಾಗ ಆಗ ಇರುವುದೇ ಇಲ್ಲ. ಇಂಡಿಕೇಟರ್ ಹಾಕದ ಬಸ್ಸೂ ತಿರುಗಬಹುದು ಎಂದೇ ಎಣಿಸಿ.

ಮುಂದೆ ಖಾಲಿ ಇದ್ದರೆ ಎಡ ಲೇನಿನ ನಡುವೆ, ದೊಡ್ಡ ವಾಹನದ ಮೂತಿಯಿಂದ ಮೂರು ನಾಲ್ಕು ಮೀಟರ್ ಮುಂದೆ ನಿಲ್ಲಿ. ತಿರುಗಿ ನೋಡಿದಾಗ ಚಾಲಕನ ಮುಖ ಕಾಣಬೇಕು. ಮುಖ ಕಾಣದಿದ್ದರೆ ಅವನಿಗೂ ನೀವು ಕಾಣುವುದಿಲ್ಲ. ಮುಂದೆ ಜಾಗವಿಲ್ಲದಿದ್ದರೆ ಸಂದಿಯಲ್ಲಿ ನುಸುಳಬೇಡಿ, ಒಂದು ಕಾರಿನ ಹಿಂದೆ ಲೇನಿನ ನಡುವೆಯೇ ಸಾಲಿನಲ್ಲಿ ನಿಂತುಬಿಡಿ.

ನಿಲ್ಲುವ ಕ್ರಮ: ಗೇರ್ ಸೈಕಲ್‌ನಲ್ಲಿ ಪೆಡಲ್ ತಿರುಗುತ್ತಿರುವಾಗಲೇ ಗೇರ್ ಇಳಿಸಬೇಕು, ನಿಂತ ಮೇಲೆ ಚೈನು ಜರುಗುವುದಿಲ್ಲ. ಸ್ಟಾಪ್ ಲೈನಿಗೆ 15-20 ಮೀಟರ್ ಇರುವಾಗ ಹಿಂದಿನ ಹಲ್ಲುಚಕ್ರದಲ್ಲಿ ಎರಡು ಮೂರು ಮೆಟ್ಟಿಲು ದೊಡ್ಡದಕ್ಕೆ ತನ್ನಿ. ಮುಂದೆ 44 ಹಲ್ಲು, ಹಿಂದೆ 14 ಇಟ್ಟು ಹೊರಡಲು ನೋಡುವವನು ಮೊದಲ ತುಳಿತಕ್ಕೇ ಸೀಟಿನಿಂದ ಎದ್ದು ಅತ್ತಿತ್ತ ಓಲಾಡುತ್ತಾನೆ. ಹಿಂದಿನಿಂದ ಬೈಕುಗಳು ಒತ್ತಿಕೊಂಡು ಬರುವ ಹೊತ್ತೂ ಅದೇ. ಹಿಂದೆ 21 ಅಥವಾ 24 ಇದ್ದರೆ ಸೈಕಲ್ ನೇರ ಗೆರೆಯಲ್ಲಿ ಹೊರಡುತ್ತದೆ. ಎಡಗಾಲು ನೆಲಕ್ಕೆ, ಬಲಪೆಡಲ್ ಗಡಿಯಾರದ ಎರಡು ಗಂಟೆಯ ಜಾಗದಲ್ಲಿ, ಎರಡೂ ಬ್ರೇಕ್ ಹಿಡಿದು ಕಾಯಿರಿ. ಗೇರಿಲ್ಲದ ಹಳೇ ಸೈಕಲ್‌ನಲ್ಲೂ ಬಲಪೆಡಲ್ ಅದೇ ಜಾಗಕ್ಕೆ ತಂದಿಟ್ಟುಕೊಂಡರೆ ಸಾಕು, ಅರ್ಧ ಸುತ್ತಿಗೇ ಸಮತೋಲನ ಸಿಗುತ್ತದೆ.

ದಮ್ಮಿನ ಮಾತು: ಸವಾರ, ಸೈಕಲ್, ಬ್ಯಾಗು ಸೇರಿ 85 ಕಿಲೊ, ಗಂಟೆಗೆ 20 ಕಿ.ಮೀ. ವೇಗ. ಒಂದು ಸಲ ನಿಂತರೆ ಕಳೆದುಕೊಳ್ಳುವ ಶಕ್ತಿ ಸುಮಾರು 1300 ಜೌಲ್. ಆರಾಮಾಗಿ ತುಳಿಯುವವನು 100 ವ್ಯಾಟ್ ಕೊಡುತ್ತಾನೆ, ಅಂದರೆ ಹದಿಮೂರು ಸೆಕೆಂಡಿನ ತುಳಿತ, ಇನ್ನೊಂದು 70 ಮೀಟರ್ ಓಡಿದಷ್ಟು. ಹತ್ತು ಸಿಗ್ನಲ್ ಅಂದರೆ 700 ಮೀಟರ್. ಇಲ್ಲ ಅಂತಲ್ಲ, ಆದರೆ ಟೈರಿನಲ್ಲಿ ಗಾಳಿ ಕಡಿಮೆ ಇಟ್ಟುಕೊಂಡು ಓಡಿಸುವವರು ದಾರಿಯುದ್ದಕ್ಕೂ ಶಕ್ತಿ ಸೋರಿಸುತ್ತಿರುತ್ತಾರೆ. ಅದನ್ನು ಮೊದಲು ಸರಿಮಾಡಿಕೊಳ್ಳಲಿ.

ಎಡತಿರುವು:

ಮೇಲಿನ ಮೂವರದೂ ದೊಡ್ಡ ಸರ್ಕಲ್ಲಿನ ಲೆಕ್ಕ. ಅದನ್ನು ಒಪ್ಪುತ್ತಲೇ ಒಂದು ಭಿನ್ನಾಭಿಪ್ರಾಯ. ನಿಲ್ಲುವುದು, ನಿಲ್ಲದಿರುವುದು ಎರಡೇ ದಾರಿಯಲ್ಲ.

ಅಮೆರಿಕದ ಐಡಾಹೊ ರಾಜ್ಯದಲ್ಲಿ 1982ರಿಂದ ಸೈಕಲ್ ಸವಾರರು ಸ್ಟಾಪ್ ಬೋರ್ಡಿನ ಬಳಿ ವೇಗ ಇಳಿಸಿ, ಬರುವವರಿಗೆ ದಾರಿ ಬಿಟ್ಟು, ನಿಲ್ಲದೆ ಸಾಗಬಹುದು. ಕೆಂಪು ದೀಪದಲ್ಲಿ ಪೂರ್ತಿ ನಿಂತು, ದಾರಿ ಬಿಟ್ಟು, ಆಮೇಲೆ ಸಾಗಬಹುದು. ಪ್ಯಾರಿಸ್‌ನಲ್ಲಿ 2015ರಿಂದ ಬಹಳಷ್ಟು ಸಿಗ್ನಲ್ ಕಂಬಗಳಿಗೆ ಹಳದಿ ಸೈಕಲ್, ಬಾಣ ಇರುವ ಸಣ್ಣ ತ್ರಿಕೋನ ಫಲಕ ಹಾಕಿದ್ದಾರೆ. ಆ ಬಾಣ ತೋರಿಸುವ ದಿಕ್ಕಿಗೆ ಮಾತ್ರ, ಪಾದಚಾರಿಗೆ ದಾರಿ ಬಿಟ್ಟು, ಕೆಂಪಿನಲ್ಲೂ ಹೋಗಬಹುದು. ಜರ್ಮನಿ 2020ರಲ್ಲಿ ಸೈಕಲ್‌ಗೆಂದೇ ಹಸಿರು ಬಾಣದ ಫಲಕ ತಂದಿತು. ಅಲ್ಲಿ ತಿರುಗುವ ಮೊದಲು ಪೂರ್ತಿ ನಿಲ್ಲಲೇಬೇಕು. ಅವರದು ಬಲಬದಿ ಸಂಚಾರ. ಅವರ ಬಲತಿರುವು ನಮ್ಮ ಎಡತಿರುವಿಗೆ ಸಮ.

ಹಾಗಾಗಿ ನಮ್ಮಲ್ಲೂ ಎಡಕ್ಕೆ ತಿರುಗುವ ಸೈಕಲ್‌ಗೆ ಪೂರ್ತಿ ನಿಂತು, ನೋಡಿ, ತಿರುಗಲು ಬಿಡಬಹುದು ಅನ್ನುವುದು ನನ್ನ ಅಭಿಪ್ರಾಯ. ಅಡ್ಡ ಬರುವ ವಾಹನಗಳ ಧಾರೆಯನ್ನು ಅವನು ಕತ್ತರಿಸುವುದಿಲ್ಲ, ಅಂಚಿನಲ್ಲಿ ಸೇರಿಕೊಳ್ಳುತ್ತಾನಷ್ಟೆ.

ಟಿ ಜಂಕ್ಷನ್‌ನ ವಿಷಯದಲ್ಲಿ ಮಾತ್ರ ನಿಮ್ಮ ಬಳಗದವರು ಎಡವಿದ್ದಾರೆ. ಪಕ್ಕದ ರಸ್ತೆ ನಿಮ್ಮ ಬಲಕ್ಕಿದೆ, ನೀವು ಎಡ ಅಂಚಿನಲ್ಲಿ ನೇರ ಹೋಗುತ್ತಿದ್ದೀರಿ, ಯಾರೂ ಅಡ್ಡ ಬರುವುದಿಲ್ಲ ಅನಿಸುತ್ತದೆ. ಆದರೆ ಆ ರಸ್ತೆಯಿಂದ ಬಲಕ್ಕೆ ತಿರುಗಿದ ಪ್ರತಿಯೊಂದು ವಾಹನವೂ ಬಂದು ಸೇರುವುದು ನಿಮ್ಮದೇ ಬದಿಗೆ. ಉದ್ದದ ಬಸ್ಸು ಅಗಲವಾಗಿ ಸುತ್ತುಹಾಕಿ ಎಡ ಕಟ್ಟೆಯವರೆಗೂ ಬರುತ್ತದೆ. ಕಟ್ಟೆಯಾಚೆ ಪ್ರತ್ಯೇಕ ಸೈಕಲ್ ಪಥ ಇಲ್ಲದ ಕಡೆ ಅಲ್ಲೂ ನಿಲ್ಲಲೇಬೇಕು.

ಬಿಳಿಕೋಲು:

ಎಡತಿರುವು ಅವರೇ, ವಾಹನಗಳ ಧಾರೆಯನ್ನು ಕತ್ತರಿಸುವುದಿಲ್ಲ, ನಿಜ. ಜೀಬ್ರಾ ಪಟ್ಟಿಯನ್ನು ಮಾತ್ರ ಎರಡು ಸಲ ಕತ್ತರಿಸುತ್ತಾನೆ: ಹೊರಡುವ ರಸ್ತೆಯದ್ದೊಂದು, ಸೇರುವ ರಸ್ತೆಯದ್ದೊಂದು. ನಿಮ್ಮ ಕೆಂಪಿನ ಹೊತ್ತಿಗೆ ಮೊದಲನೆಯದರಲ್ಲಿ ಜನ ದಾಟುತ್ತಿರುತ್ತಾರೆ.

ದೃಷ್ಟಿ ಇಲ್ಲದವರು ರಸ್ತೆ ದಾಟುವುದು ಕಿವಿಯಿಂದ. ಎದುರಿನ ಎಂಜಿನ್‌ಗಳ ಸದ್ದು ತಗ್ಗಿ ಒಂದೇ ಜಾಗದಲ್ಲಿ ನಿಂತಿತು, ಪಕ್ಕದಲ್ಲಿ ಸಮಾನಾಂತರವಾಗಿ ವಾಹನಗಳು ಹೊರಟವು. ಅದೇ ಅವರಿಗೆ ಹಸಿರು. ಸದ್ದು ಮಾಡುವ ಸಿಗ್ನಲ್‌ಗಳು ನಮ್ಮಲ್ಲಿ ಅಪರೂಪ. ಆಗ ಎಂಜಿನ್ ಇಲ್ಲದ ಸೈಕಲ್ ನಿಂತ ಬಸ್ಸಿಗೂ ಕಟ್ಟೆಗೂ ನಡುವಿನ ಸಂದಿಯಿಂದ ಬರುತ್ತದೆ. ಕೋಲಿನ ತುದಿ ದೇಹದಿಂದ ಸುಮಾರು ಒಂದು ಮೀಟರ್ ಮುಂದೆ ನೆಲ ಮುಟ್ಟುತ್ತಿರುತ್ತದೆ. ಗಂಟೆಗೆ 15 ಕಿ.ಮೀ. ವೇಗದ ಚಕ್ರಕ್ಕೆ ಆ ಒಂದು ಮೀಟರ್ ಅಂದರೆ ಕಾಲು ಸೆಕೆಂಡ್. ಕೋಲು ಕಡ್ಡಿಗಳ ನಡುವೆ ಸಿಕ್ಕಿದರೆ ಸವಾರನೂ ಹ್ಯಾಂಡಲ್ ಮೇಲಿಂದ ಹಾರಿ ಬೀಳುತ್ತಾನೆ. ಬೆಲ್ ಹೊಡೆದರೆ ಸರಿಯಾಗುತ್ತದೆ ಅನ್ನಬೇಡಿ. ಹತ್ತಿರದಿಂದ ಬೆಲ್ ಕೇಳಿದರೆ ಯಾವ ಕಡೆ ಸರಿಯಬೇಕೋ ಗೊತ್ತಾಗದೆ ಮನುಷ್ಯ ನಿಂತಲ್ಲೇ ನಿಲ್ಲುತ್ತಾನೆ.

ಕಣ್ಣಿರುವವರಿಗೂ ಇದೇ ಪಾಡು. ಗುಂಡಿ ಒತ್ತಿ ದಾಟುವ ಪೆಲಿಕನ್ ಸಿಗ್ನಲ್‌ನಲ್ಲಿ ನಿಂತ ಬಸ್ಸಿನ ಮೂತಿ ದಾಟಿ ಈಚೆ ಬರುವವರೆಗೆ ಪಾದಚಾರಿಗೆ ಸೈಕಲ್ ಕಾಣುವುದಿಲ್ಲ, ಸೈಕಲ್‌ಗೆ ಪಾದಚಾರಿ ಕಾಣುವುದಿಲ್ಲ. ಎರಡನೇ ಲೇನಿನ ಸಂದಿಯಲ್ಲಿ ಬರುವ ಸವಾರನಿಗೆ ಬ್ರೇಕ್ ಹಿಡಿಯಲು ಉಳಿಯುವುದು ಒಂದೂವರೆ ಎರಡು ಮೀಟರ್. ಪೆಲಿಕನ್ ಸಿಗ್ನಲ್‌ಗೆ ಯಾವ ವಿನಾಯಿತಿಯನ್ನೂ ಬರೆಯಬೇಡಿ. ಮತ್ತೆ ನಿಲ್ಲುವುದು ಜೀಬ್ರಾಕ್ಕೆ ಮುಂಚೆ. ಚೈನ್‌ಕವರ್ ಹೇಳಿದ "ಬಸ್ಸಿನಿಂದ ಮೂರು ನಾಲ್ಕು ಮೀಟರ್ ಮುಂದೆ" ಅನ್ನುವುದು ಪಟ್ಟಿಯ ಮೇಲೆ ನಿಲ್ಲಲು ಪರವಾನಗಿ ಆಗಬಾರದು.

ಚೈನ್‌ಕವರ್:

ಒಪ್ಪಿದೆ, ತಿದ್ದಿಕೊಳ್ಳಿ. ಬಸ್ಸು ಸ್ಟಾಪ್ ಲೈನಿಗೇ ಬಂದು ನಿಂತಿದ್ದರೆ ಅದರ ಮುಂದೆ ನಮಗೆ ಜಾಗ ಇಲ್ಲ ಎಂದೇ ಅರ್ಥ. ಆಗ ಅದರ ಹಿಂದೆ ನಿಲ್ಲಬೇಕು.

ಬೆಳಗಿನಸವಾರ:

ಎಡತಿರುವನ್ನು ಹೀಗೆ ಬರೆಯುತ್ತೇವೆ: ಫ್ರೀ ಲೆಫ್ಟ್ ಫಲಕ ಅಥವಾ ಎಡಕ್ಕೆ ಹಸಿರು ಬಾಣ ಇದ್ದರೆ ಮಾತ್ರ, ಅದೂ ಜೀಬ್ರಾ ಖಾಲಿ ಇದ್ದರೆ. ತೀರಾ ಅವಸರ ಇರುವವರು ಇಳಿದು ಕಟ್ಟೆಯ ಮೇಲೆ ತಳ್ಳಿಕೊಂಡು ಹೋಗಲಿ. ಇನ್ನೆರಡು ಪ್ರಶ್ನೆ. ರಾತ್ರಿ ಹಳದಿ ಮಿನುಗುತ್ತಿದ್ದರೆ? ಮತ್ತೆ, ಮೂರು ಲೇನ್ ದಾಟಿ ಬಲಕ್ಕೆ ತಿರುಗಲು ಹೆದರುವವರು ಏನು ಮಾಡಬೇಕು? ಅದೇ ಹೆದರಿಕೆಗೆ ಬಹಳ ಜನ ಕೆಂಪಿನಲ್ಲೇ ಬಲಕ್ಕೆ ನುಗ್ಗುತ್ತಾರೆ.

ಹಳದಿ_ಮೂರು_ಸೆಕೆಂಡ್:

ಮಿನುಗುವ ಹಳದಿ ಅಂದರೆ ವೇಗ ಇಳಿಸಿ ಎಚ್ಚರದಿಂದ ಸಾಗಿ. ಮಿನುಗುವ ಕೆಂಪು ಅಂದರೆ ಪೂರ್ತಿ ನಿಂತು, ನೋಡಿ, ಆಮೇಲೆ ಸಾಗಿ. ಆ ಹೊತ್ತಿನಲ್ಲಿ ಯಾರಿಗೂ ಹಸಿರಿಲ್ಲ, ಎಲ್ಲರೂ ತಮಗೇ ದಾರಿ ಇದೆ ಎಂದುಕೊಂಡು ಬರುತ್ತಾರೆ. ಮೇಲೆ ಹೇಳಿದ 220 ಮೀಟರ್ ಲೆಕ್ಕ ನಿಜವಾಗಿ ಬೇಕಾಗುವುದು ಆಗಲೇ.

ಬಲತಿರುವನ್ನು ಎರಡು ಹಂತದಲ್ಲಿ ಮಾಡಿ. ಎಡ ಲೇನಿನಲ್ಲೇ ಉಳಿದು ನಿಮ್ಮ ಹಸಿರಿಗೆ ನೇರ ಜಂಕ್ಷನ್ ದಾಟಿ. ಆಚೆಯ ಎಡಮೂಲೆಗೆ ಬಂದಾಗ, ನಿಮ್ಮ ಎಡಗಡೆಯ ಅಡ್ಡರಸ್ತೆಯಲ್ಲಿ ಕೆಂಪಿಗೆ ಕಾಯುತ್ತಿರುವ ವಾಹನಗಳು ಸಿಗುತ್ತವೆ. ಅವುಗಳ ಮುಂದೆ, ಜೀಬ್ರಾ ಬಿಟ್ಟು ಈಚೆ, ಸೈಕಲ್ಲನ್ನು ಬಲಕ್ಕೆ ತಿರುಗಿಸಿ ನಿಲ್ಲಿ. ಅವರಿಗೆ ಹಸಿರು ಬಿದ್ದಾಗ ಅವರ ಜೊತೆ ನೇರ ಹೊರಡಿ. ಖರ್ಚಾಗುವುದು ಒಂದು ಹಂತದ ಕಾಯುವಿಕೆ. ಎಡವಟ್ಟಾಗುವುದು ಎರಡು ಕಡೆ. ಆ ಮೂಲೆಯಲ್ಲೇ ಫ್ರೀ ಲೆಫ್ಟ್ ಇದ್ದರೆ ಅಂಚಿನಲ್ಲಿ ನಿಂತವನನ್ನು ತಿರುಗುವ ವಾಹನಗಳು ತಳ್ಳುತ್ತವೆ. ಹಾಗಿದ್ದಲ್ಲಿ ಅಂಚು ಬಿಟ್ಟು ನೇರ ಹೋಗುವ ಲೇನಿನ ಎದುರು ನಿಲ್ಲಬೇಕು. ಎರಡನೆಯದು, ಅಲ್ಲಿ ನಿಂತಾಗ ಹಳೆಯ ದೀಪ ಬೆನ್ನಿಗೆ ಬೀಳುತ್ತದೆ. ಈಗ ನೋಡಬೇಕಾದ್ದು ಎದುರಿನ ಮೂಲೆಯ ದೀಪ. ಅದು ಕಾಣದ ಜಂಕ್ಷನ್‌ನಲ್ಲಿ ಇಳಿದು ಪಾದಚಾರಿಗಳ ಜೊತೆ ತಳ್ಳಿಕೊಂಡು ದಾಟುವುದೇ ಸರಿ.

ಚೈನ್‌ಕವರ್:

ಸೂಚನೆ ಹಂಚುವುದು ಮಳೆಗಾಲಕ್ಕೆ ಮುಂಚೆಯೇ ಆದರೆ ಬ್ರೇಕಿನ ದೂರವನ್ನೂ ಸೇರಿಸಿ. ಗಂಟೆಗೆ 20ರಲ್ಲಿ ಒಣ ರಸ್ತೆಯಲ್ಲಿ ಮನಸ್ಸು ಮಾಡಿ ನಿಲ್ಲುವಷ್ಟರಲ್ಲಿ 11 ಮೀಟರ್ ಆಗುತ್ತದೆ. ರಿಮ್ ಬ್ರೇಕ್ ಒದ್ದೆಯಾದರೆ 16 ಮೀಟರ್ ದಾಟಬಹುದು. ಕಂಬಿ ಬ್ರೇಕಿನ, ಉಕ್ಕಿನ ರಿಮ್ಮಿನ ಸೈಕಲ್‌ಗೆ ಇನ್ನೂ ಹೆಚ್ಚು. ರಬ್ಬರು ನೀರನ್ನು ಒರೆಸುವವರೆಗೆ ಬ್ರೇಕು ಹಿಡಿಯುವುದೇ ಇಲ್ಲ. ಆದ್ದರಿಂದ ಸಿಗ್ನಲ್‌ಗೆ 40 ಮೀಟರ್ ಇರುವಾಗಲೇ ಬ್ರೇಕನ್ನು ಒಂದೆರಡು ಸಲ ಮೆಲ್ಲಗೆ ತಾಗಿಸಿ ರಿಮ್ ಒರೆಸಿಕೊಳ್ಳಬೇಕು. ಗಟ್ಟಿಯಾಗಿ ಹಿಡಿಯುವುದು ಆಮೇಲೆ, ಚಕ್ರ ನೇರ ಇರುವಾಗ. ಜೀಬ್ರಾದ ಬಣ್ಣದ ಪಟ್ಟಿಗಳು ಒದ್ದೆಯಾದಾಗ ಡಾಂಬರಿಗಿಂತ ಹೆಚ್ಚು ಜಾರುತ್ತವೆ, ಪೂರ್ತಿ ನಿಲ್ಲುವುದು ಅವುಗಳ ಮೇಲೆ ಚಕ್ರ ಬರುವ ಮುಂಚೆಯೇ ಮುಗಿದಿರಬೇಕು. ರಬ್ಬರಿನಲ್ಲಿ ಕೊರೆದಿರುವ ಗೀರು ಸವೆದು ಮಾಯವಾಗಿದ್ದರೆ ಜೋಡಿ ಬದಲಿಸಿ ಅನ್ನುವ ಸಾಲನ್ನು "ನಿಲ್ಲಿ" ಅನ್ನುವ ಸಾಲಿನ ಪಕ್ಕದಲ್ಲೇ ಅಚ್ಚು ಹಾಕಿಸಿ.